ಸಮರಸ ಶಬ್ದದ ಅರ್ಥವಿಚಾರ

ವಸ್ತುಗಳು ಒಂದರೊಡನೊಂದು ಕೂಡುವ ಬಗೆಗಳನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಗೆ ಕೊರತೆಯಿಲ್ಲ. ಅನ್ನಕ್ಕೆ ಸಾರನ್ನು ಹಾಕಿ ಕಲಸುವರು. ಹಾಲಿಗೆ ನೀರನ್ನು ಬೆರಸುವರು. ತಿಳಿಯಾದ ಕೊಳವನ್ನು ಕದಡುವರು. ಬೆರಕೆಯೆಂಬುದು ಕಲಬೆರಕೆಯಾಗಿ ನಿಂದಾರ್ಥವನ್ನೂ ಪಡೆದಿದೆ. ಆದರೆ ಕೂಡಿದ ವಸ್ತುವು ಎಲ್ಲೆಡೆಯಲ್ಲಿಯೂ ಒಂದೇ ತೆರನಾಗಿರುವುದೆಂಬ ಅರ್ಥವನ್ನು ಇವು ತಾವಾಗಿಯೇ ಕೊಡಲಾರವು. ಅದಕ್ಕೆ ಕನ್ನಡಿಗರು ಸಮರಸವೆಂಬ ಸಂಸ್ಕೃತಶಬ್ದವನ್ನು ಆಶ್ರಯಿಸಿರುವರು.

ಇದು ಬಹುವ್ರೀಹಿಸಮಾಸ: ಸಮವಾದ ರಸವುಳ್ಳದ್ದು ಸಮರಸ. ಇಲ್ಲಿಯ ಸಮಶಬ್ದಕ್ಕೆ ಸಮಪಾಲೆಂದು ಅರ್ಥಮಾಡುವುದು ಸಾಧುವಲ್ಲ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿನಿಂದ ಉಪ್ಪನ್ನು ನೀರಿನಲ್ಲಿ ಹಾಕಿಸಿ, ಮರುದಿನ ಮೇಲಿನ, ನಡುವಿನ, ಕೆಳಗಿನ ನೀರನ್ನು ಬೇರೆಬೇರೆಯಾಗಿ ರುಚಿ ನೋಡಿಸುವನು. ಮೂರೆಡೆಯಲ್ಲಿಯೂ ಉಪ್ಪೇ. ಆ ಪ್ರಕರಣದಲ್ಲಿ ಈ ಶಬ್ದವು ಬಂದಿಲ್ಲವಾದರೂ ಇದರ ಅರ್ಥಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಉಪ್ಪು ಅಲ್ಪ, ನೀರು ಬಹಳ. ಪ್ರಮಾಣವು ಸಮವಲ್ಲ, ರಸವು ಸಮ.

ಆಲಂಕಾರಿಕರೂ ಈ ಭೇದವನ್ನು ಬಲ್ಲರು. ಅಲಂಕಾರಗಳು ಎಳ್ಳು ಅಕ್ಕಿಗಳಂತೆ ಬೇರೆಯಾಗಿ ತೋರುತ್ತ ಕೂಡಿದ್ದರೆ ಸಂಸೃಷ್ಟಿ. ಹಾಲು ನೀರುಗಳಂತೆ ಬೆರೆತಿದ್ದರೆ ಸಂಕರ. ಸಮರಸವು ಎರಡನೆಯ ಜಾತಿಗೆ ಸೇರಿದುದು.

ವೀರಶೈವ ಶಾಸ್ತ್ರದಲ್ಲಿ ಶಬ್ದವು ಪಾರಿಭಾಷಿಕವಾಗಿ ನೆಲೆಗೊಂಡಿತು. ಷಟ್‌ಸ್ಥಲಗಳಲ್ಲಿ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿಯು ಹೇಗೋ ಕಡೆಯದಾದ ಐಕ್ಯಸ್ಥಲಕ್ಕೆ ಸಮರಸಭಕ್ತಿಯು ಹಾಗೆ. ಅಲ್ಲಿ ಅಂಗವು ಬೇರೆ, ಲಿಂಗವು ಬೇರೆಯೆಂಬ ಎಣಿಕೆಯೇ ಉಳಿಯುವುದಿಲ್ಲ. ಇದುವೇ ಲಿಂಗಾಂಗಸಾಮರಸ್ಯವು.

ಈಗಿನ ವ್ಯವಹಾರದಲ್ಲಿ ಸಾಮರಸ್ಯವೆಂದರೆ ಜನರು ಜಗಳವಿಲ್ಲದೆ ಬಾಳುವುದೆಂದಷ್ಟೇ ಅರ್ಥ. (ಸಾಮರಸ್ಯತೆಯೆಂದು ಬರೆಯುವುದು ಭಾವಪ್ರತ್ಯಯದ ಮೇಲೆ ಭಾವಪ್ರತ್ಯಯವನ್ನು ಹೇರಿದಂತೆ, ಐಕ್ಯತೆಗೂ ಇದೇ ದೋಷ.) ರೂಢಿಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಎರಡು ಸಮಾಜಗಳ ಸಾಮರಸ್ಯವೆಂಬಲ್ಲಿ ಮೂಲಾರ್ಥವನ್ನೇ ಹಿಡಿದರೆ ಅಪಾಯವುಂಟು. ನಿದರ್ಶನದ ಪಾತ್ರೆಯಲ್ಲಿ ಕರಗುವುದು ಉಪ್ಪೇ ಹೊರತು ನೀರಲ್ಲ. ಚಿಕ್ಕದು ದೊಡ್ಡದರಲ್ಲಿ ಕರಗಬೇಕೆಂಬುದು ವಕ್ತೃವಿನ ಅಭಿಪ್ರಾಯವಲ್ಲದಿದ್ದರೆ ಹೊಂದಿಕೆ, ಸೌಹಾರ್ದ ಎಂಬ ಮಾತುಗಳೇ ನಿರಪಾಯವಾದುವು.

ಶಾಸ್ತ್ರಗ್ರಂಥಗಳಲ್ಲಾದರೋ ಮೂಲಾರ್ಥಕ್ಕೆ ಇನ್ನೂ ಎಡೆಯಿದೆ. ಎಲ್ಲೆಡೆಯೂ ಒಂದೇ ತೆರನಾದ ಮಿಶ್ರಣವನ್ನು ಸಮರೂಪವೆಂದರೆ ಅದು ಕಣ್ಣಿನ ಸಾಕ್ಷಿಯನ್ನು ನಂಬಿದ ಹೆಸರಾಯಿತು. ಹಾಲು ಕಣ್ಣಿಗೆ ಸಮರೂಪವೇ ಸರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಿಡ್ಡಿನ ಕಣಗಳು ಬೇರೆಬೇರೆಯಾಗಿ ತೇಲುತ್ತಿರುವುವು. ಉಪ್ಪುನೀರಿನಲ್ಲಿ ಅಂತಹ ಕಣವೊಂದೂ ಕಾಣದು. ಆಲಂಕಾರಿಕರ ಹಾಲಿಗಿಂತ ಉದ್ದಾಲಕನ ಉಪ್ಪೇ ಈ ಶಬ್ದಕ್ಕೆ ಹೆಚ್ಚು ಒಪ್ಪುವುದು.