ಅರಮನೆಗೂ ಬಂದ ರೋಗಗಳು: ಸಯಾಜಿರಾವ್ ಗಾಯಕವಾಡರ ಸಂಸಾರ

ವಡೋದರದ ರಾವಪುರದ ಮಾರ್ಗವಾಗಿ ಹೋಗುವವರೆಲ್ಲರೂ ಅಲ್ಲಿನ ಗಡಿಯಾರದ ಗೋಪುರವನ್ನು ನೋಡಿಯೇ ಇರುತ್ತಾರೆ. ಅಹಮದಾಬಾದಿನಿಂದಲೋ ಸೂರತ್ತಿನಿಂದಲೋ ಬಂದ ನೆಂಟರಿಗೆ ನಾವು ಅದನ್ನು ಬೆರಳು ಮಾಡಿ ತೋರಿಸುವುದೂ ಉಂಟು. ಆದರೆ 1896ರಲ್ಲಿ ಕಟ್ಟಲಾದ ಈ ಗೋಪುರವು ಇಪ್ಪತ್ತರ ಹರೆಯದಲ್ಲಿಯೇ ಕ್ಷಯರೋಗದಿಂದ ತೀರಿಕೊಂಡ ಒಬ್ಬ ರಾಣಿಯ ಸ್ಮಾರಕವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆಕೆ ಮಹಾರಾಣಿ ಚಿಮಣಾಬಾಯಿ. ಮೂರನೆಯ ಸಯಾಜಿರಾವ್ ಗಾಯಕವಾಡರ ಮೊದಲ ಪತ್ನಿ. ಆರೋಗ್ಯವನ್ನು ಕುರಿತು ಬರೆಯಹೊರಟಾಗ ಅರಮನೆಯ ಕಥೆಯೇಕೆಂದು ವಾಚಕರು ಕೇಳಬಹುದು. ಐಶ್ವರ್ಯವುಳ್ಳವರ ಮನೆಗೆ ರೋಗವು ಹೇಗೆ ಹೊಕ್ಕಿತೆಂಬುದನ್ನು ಅರಿತರೆ, ನಮ್ಮ ಮನೆಯ ಬಾಗಿಲನ್ನು ಕಾಯುವ ಬಗೆಯೂ ಸ್ವಲ್ಪ ತಿಳಿದೀತೆಂಬುದೇ ಇದಕ್ಕೆ ಉತ್ತರ.

ಹಳ್ಳಿಯ ಬಾಲಕ, ಬರೋಡೆಯ ದೊರೆ

ಸಯಾಜಿರಾಯರು ಹುಟ್ಟಿದ್ದು 1863ರ ಮಾರ್ಚ್ 11ರಂದು, ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಲ್ಲಿ. ಆಗ ಅವರ ಹೆಸರು ಗೋಪಾಳರಾವ್. ಗಾಯಕವಾಡ ಮನೆತನದ ದೂರದ ಕವಲಿಗೆ ಸೇರಿದ್ದ ಆ ಕುಟುಂಬಕ್ಕೆ ಬೇಸಾಯವೇ ಜೀವನವಾಗಿತ್ತು. ಬರೋಡೆಯ ಗಾದಿಗೆ ವಾರಸುದಾರರಿಲ್ಲದಂತಾದಾಗ ರಾಜಮಾತೆ ಜಮನಾಬಾಯಿಯವರು 1875ರಲ್ಲಿ ಈ ಹನ್ನೆರಡು ವರ್ಷದ ಬಾಲಕನನ್ನು ದತ್ತು ಪಡೆದರು. "ಏತಕ್ಕೆ ಬಂದೆ?" ಎಂದು ಕೇಳಿದಾಗ ಬಾಲಕನು "ರಾಜ್ಯವಾಳಲು ಬಂದೆ" ಎಂದನೆಂಬ ಪ್ರತೀತಿಯು ಈ ಊರಿನಲ್ಲಿ ಇಂದಿಗೂ ಇದೆ. ಅಕ್ಷರಾಭ್ಯಾಸವೂ ಆಗದೆ ಬಂದ ಆ ಹುಡುಗನು ಮುಂದೆ ತನ್ನ ರಾಜ್ಯದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದನು. 1893ರಲ್ಲಿ ಅಮ್ರೇಲಿ ಪ್ರಾಂತದಲ್ಲಿ ಪ್ರಯೋಗರೂಪವಾಗಿ ಆರಂಭವಾದ ಆ ಯೋಜನೆ 1906ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಅಜವಾದ ಬಳಿ ಜಲಾಶಯವನ್ನು ಕಟ್ಟಿಸಿ ನಗರಕ್ಕೆ ನಲ್ಲಿಯ ನೀರನ್ನು ತಂದುದೂ, ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯನ್ನು ಮಾಡಿದುದೂ, ಗ್ರಂಥಾಲಯಗಳನ್ನು ಹಳ್ಳಿಹಳ್ಳಿಗೆ ಒಯ್ದುದೂ ಇದೇ ದೊರೆಯ ಕಾಲದಲ್ಲಿ.

ಕನ್ನಡಿಗರಾದ ನಮಗೆ ಇಲ್ಲಿ ನಮ್ಮ ನಾಡಿನ ಇನ್ನೊಬ್ಬ ದೊರೆಯ ನೆನಪಾಗದಿರದು. ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು ಅದೇ 1863ರ ಫೆಬ್ರವರಿಯಲ್ಲಿ. ಸಯಾಜಿರಾಯರಿಗಿಂತ ಮೂರು ವಾರಗಳಿಗೂ ಕಡಿಮೆ ಹಿರಿಯರು. ಅವರೂ ದತ್ತುಪುತ್ರರು. ಇಬ್ಬರಿಗೂ ರಾಜ್ಯಾಧಿಕಾರ ದೊರೆತದ್ದು 1881ರಲ್ಲಿ. ಆದರೆ ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿದ್ದಾಗ ಗಂಟಲಮಾರಿಗೆ, ಎಂದರೆ ಡಿಫ್ತೀರಿಯಾಕ್ಕೆ, ತುತ್ತಾದರು. ಆಗ ಅವರ ವಯಸ್ಸು ಮೂವತ್ತೊಂದು. ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಶೋಕವನ್ನು ನುಂಗಿಕೊಂಡು 1902ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯಭಾರವನ್ನು ನಡೆಸಿದರು.

ಎರಡು ಅರಮನೆ, ಒಂದೇ ರೋಗ

ತಂಜಾವೂರಿನ ಮರಾಠಾ ಮನೆತನದ ಲಕ್ಷ್ಮೀಬಾಯಿ 1880ರಲ್ಲಿ ಸಯಾಜಿರಾಯರ ಕೈಹಿಡಿದು ಚಿಮಣಾಬಾಯಿ ಎಂಬ ಹೆಸರನ್ನು ಪಡೆದರು. ಅವರೊಂದಿಗೆ ತಂಜಾವೂರಿನ ನರ್ತಕಿಯರೂ ವಾದ್ಯಗಾರರೂ ಬರೋಡೆಗೆ ಬಂದರು. ಈ ಸಂಸಾರ ಬಹುಕಾಲ ಬಾಳಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಎಳವೆಯಲ್ಲೇ ಹೋದರು. 1883ರಲ್ಲಿ ಹುಟ್ಟಿದ ಮಗ ಫತೇಸಿಂಹರಾಯನಿಗೆ ಎರಡು ವರ್ಷವೂ ತುಂಬುವ ಮೊದಲೇ, 1885ರ ಮೇ ತಿಂಗಳಿನಲ್ಲಿ, ತಾಯಿಯು ಕ್ಷಯದಿಂದ ಕಣ್ಮುಚ್ಚಿದರು. ಕ್ಷಯದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಬರ್ಲಿನ್ ನಗರದಲ್ಲಿ ಪ್ರಕಟಿಸಿ ಆಗ ಮೂರೇ ವರ್ಷಗಳಾಗಿದ್ದವು. ರೋಗದ ಮೂಲವು ತಿಳಿದಿತ್ತು, ಮದ್ದು ಮಾತ್ರ ಇರಲಿಲ್ಲ. ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆಯಲು 1943ರವರೆಗೆ ಕಾಯಬೇಕಾಯಿತು.

ಮೈಸೂರಿನಲ್ಲಿಯೂ ಇದೇ ಕಥೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯವು ಕೊಂಡೊಯ್ದಿತು. ಆ ದುಃಖದಿಂದ ಹುಟ್ಟಿದುದೇ ಮೈಸೂರಿನ ಕೃಷ್ಣರಾಜಸಾಗರದ ರಸ್ತೆಯಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ. ಬಂಧುವನ್ನು ಕಳೆದುಕೊಂಡ ದೊರೆಯು ಅದೇ ರೋಗದಿಂದ ನರಳುವ ಪ್ರಜೆಗಳಿಗಾಗಿ ಗಾಳಿ ಬೆಳಕುಗಳುಳ್ಳ ಆಸ್ಪತ್ರೆಯನ್ನು ಕಟ್ಟಿಸಿದನು. ನಾಲ್ವಡಿಯವರು 1900ರಲ್ಲಿ ವಿವಾಹವಾದದ್ದು ನಾವಿಂದು ನೆಲೆಸಿರುವ ಇದೇ ಗುಜರಾತಿನ ಕಾಠಿಯಾವಾಡದ ವಾಣಾ ಮನೆತನದ ರಾಜಕುಮಾರಿಯನ್ನು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ತಂದೆಯ ಕಣ್ಣೆದುರಿಗೆ

ಸಯಾಜಿರಾಯರು 1885ರ ಕೊನೆಯಲ್ಲಿ ದೇವಾಸದ ಗಜರಾಬಾಯಿಯವರನ್ನು ವರಿಸಿದರು. ಎರಡನೆಯ ಚಿಮಣಾಬಾಯಿ ಎಂದು ಖ್ಯಾತರಾದ ಈಕೆ ಪರದೆಯನ್ನು ತೊರೆದು, 1927ರಲ್ಲಿ ಪುಣೆಯಲ್ಲಿ ನಡೆದ ಅಖಿಲ ಭಾರತ ಮಹಿಳಾ ಪರಿಷತ್ತಿನ ಪ್ರಥಮ ಅಧಿವೇಶನದ ಅಧ್ಯಕ್ಷೆಯಾದರು. ಜಯಸಿಂಹರಾವ್, ಶಿವಾಜಿರಾವ್, ಧೈರ್ಯಶೀಲರಾವ್ ಎಂಬ ಮೂವರು ಗಂಡುಮಕ್ಕಳೂ ಇಂದಿರಾರಾಜೆ ಎಂಬ ಮಗಳೂ ಇವರಿಗೆ ಹುಟ್ಟಿದರು.

ಓದಿಗಾಗಿ ಹಂಬಲಿಸಿ ಬೆಳೆದ ತಂದೆ ಮಕ್ಕಳ ವಿದ್ಯೆಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಫತೇಸಿಂಹ, ಶಿವಾಜಿ ಇಬ್ಬರೂ ಆಕ್ಸ್‌ಫರ್ಡಿಗೆ ಹೋದರು. ಜಯಸಿಂಹ ಅಮೆರಿಕದ ಹಾರ್ವರ್ಡಿಗೆ. ಆದರೆ ಫತೇಸಿಂಹರು ಇಪ್ಪತ್ತೈದನೆಯ ವಯಸ್ಸಿನಲ್ಲಿ, 1908ರಲ್ಲಿ, ಹಸುಗೂಸನ್ನು ಬಿಟ್ಟು ತೀರಿಕೊಂಡರು. ಶಿವಾಜಿರಾಯರು 1919ರಲ್ಲಿ, ಜಯಸಿಂಹರು 1923ರಲ್ಲಿ ಹೋದರು. ಈ ಮನೆತನದ ಚರಿತ್ರೆಯನ್ನು ಬರೆದವರು ಮದ್ಯಪಾನವು ಗಂಡುಮಕ್ಕಳ ಬಾಳನ್ನು ಕೆಡಿಸಿತೆಂದು ಮರೆಮಾಚದೆ ಹೇಳಿದ್ದಾರೆ. ಮಗಳು ಇಂದಿರಾರಾಜೆ ತಂದೆತಾಯಿಯರ ಇಚ್ಛೆಯನ್ನು ಮೀರಿ, ಗ್ವಾಲಿಯರಿನ ನಿಶ್ಚಿತಾರ್ಥವನ್ನು ಮುರಿದು, 1913ರಲ್ಲಿ ಕೂಚ್ ಬಿಹಾರದ ಜಿತೇಂದ್ರ ನಾರಾಯಣರನ್ನು ಮದುವೆಯಾದರು. ಆ ಮನೆಯಲ್ಲಿಯೂ ಅದೇ ವ್ಯಸನವಿತ್ತು. ಜಿತೇಂದ್ರರು 1922ರಲ್ಲಿ, ಮೂವತ್ತಾರನೆಯ ವಯಸ್ಸಿಗೇ ಮಡಿದರು. ಐವರು ಮಕ್ಕಳ ತಾಯಿಯಾಗಿದ್ದ ಇಂದಿರಾರಾಜೆ ರಾಜ್ಯದ ಹೊಣೆಯನ್ನು ಹೊರಬೇಕಾಯಿತು. ಮುಂದೆ ಜಯಪುರದ ಮಹಾರಾಣಿಯಾದ ಗಾಯತ್ರೀದೇವಿ ಈಕೆಯ ಮಗಳು.

ಹೀಗೆ ನಾಲ್ವರು ಗಂಡುಮಕ್ಕಳಲ್ಲಿ ಮೂವರ ಸಾವನ್ನು ಕಂಡ ಸಯಾಜಿರಾಯರು 1939ರ ಫೆಬ್ರವರಿ 6ರಂದು ಮುಂಬಯಿಯಲ್ಲಿ ನಿಧನರಾದರು. ಗಾದಿಗೆ ಬಂದವನು 1908ರ ಆ ಹಸುಗೂಸು, ಮೊಮ್ಮಗ ಪ್ರತಾಪಸಿಂಹ. ತಾತನ ಹೆಸರಿನ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪಿತವಾದುದು ಈ ಮೊಮ್ಮಗನ ಕಾಲದಲ್ಲಿ.

ನಾವು ಮಾಡಬೇಕಾದುದು

ಇಬ್ಬರು ದೊರೆಗಳ ಮನೆಯನ್ನು ನೋಯಿಸಿದ ವ್ಯಾಧಿಗಳು ಮೂರು: ಗಂಟಲಮಾರಿ, ಕ್ಷಯ, ಕುಡಿತ. ಮೊದಲೆರಡಕ್ಕೆ ಅಂದು ಅರಸರಿಗೂ ದೊರೆಯದ ರಕ್ಷಣೆ ಇಂದು ಕೂಲಿಯವನ ಮಗುವಿಗೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಗಂಟಲಮಾರಿಯ ಲಸಿಕೆಯನ್ನು ಮಗುವಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಹಾಕಿಸಬೇಕು. ಒಂದೂವರೆ ವರ್ಷದ ಸುಮಾರಿಗೆ ಮತ್ತು ಐದಾರು ವರ್ಷದಲ್ಲಿ ಪುನಃ ಕೊಡಿಸಬೇಕು. ಊರಿಂದೂರಿಗೆ ವರ್ಗವಾಗುವ ನಮ್ಮ ಕುಟುಂಬಗಳಲ್ಲಿ ಈ ಕೊನೆಯ ಲಸಿಕೆಗಳು ತಪ್ಪಿಹೋಗುವುದುಂಟು. ಲಸಿಕೆಯ ಕಾರ್ಡನ್ನು ಜೋಪಾನವಾಗಿ ಇಡತಕ್ಕದ್ದು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಕಫದ ಪರೀಕ್ಷೆಯನ್ನು ಮಾಡಿಸಬೇಕು. ಶ್ವಾಸಕೋಶದ ಕ್ಷಯವು ರೋಗಿಯು ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆ. ತಟ್ಟೆ ಲೋಟಗಳಿಂದ ಹರಡದು. ಆದುದರಿಂದ ಪಾತ್ರೆಯನ್ನು ಬೇರೆಯಿಡುವ ಬದಲು ಕಿಟಕಿಯನ್ನು ತೆರೆದಿಡುವುದು ಮೇಲು. ಸೂರತ್ತಿನಲ್ಲಿಯೂ ಅಹಮದಾಬಾದಿನಲ್ಲಿಯೂ ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ವಾಸಿಸುವ ನಮ್ಮ ತರುಣರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಾಮಾನ್ಯ ಕ್ಷಯವು ಆರು ತಿಂಗಳ ಮಾತ್ರೆಗಳಿಂದ ಗುಣವಾಗುತ್ತದೆ. ಎರಡು ತಿಂಗಳಿಗೇ ಮೈ ಹಗುರಾಯಿತೆಂದು ಮಾತ್ರೆ ಬಿಟ್ಟವರಲ್ಲಿ ರೋಗವು ಮದ್ದಿಗೆ ಬಗ್ಗದಂತಾಗಿ ಮರಳುವ ಭಯವಿದೆ. ರೋಗಿಯ ಜೊತೆ ವಾಸಿಸುವವರೂ ತಪಾಸಣೆ ಮಾಡಿಸಿಕೊಳ್ಳಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಕೆಮ್ಮನ್ನು ಮುಚ್ಚಿಡುವ ಮನೆಗಳು ಇನ್ನೂ ಇವೆ. ಮೈಸೂರಿನ ದೊರೆಯು ಸಹೋದರಿಯ ಹೆಸರನ್ನೇ ಕ್ಷಯದ ಆಸ್ಪತ್ರೆಗೆ ಇರಿಸಲು ನಾಚಲಿಲ್ಲ; ನಾವೇಕೆ ನಾಚಬೇಕು?

ಮೂರನೆಯ ವ್ಯಾಧಿಗೆ ಲಸಿಕೆಯಿಲ್ಲ. ಗುಜರಾತಿನಲ್ಲಿ ರಾಜ್ಯದ ಉದಯಕಾಲದಿಂದಲೂ ಪಾನನಿಷೇಧವಿದ್ದರೂ, ಕಾಯಿದೆಯೊಂದೇ ಮನೆಯನ್ನು ಕಾಯಲಾರದು. ಕುಡಿತವು ಚಟವಾಗಿ ಬೇರೂರಿದಾಗ ಅದೂ ಒಂದು ಕಾಯಿಲೆಯೇ. ಬೈಗುಳಕ್ಕಿಂತ ವೈದ್ಯರ ನೆರವು ಹೆಚ್ಚು ಫಲಕಾರಿ. ದೂರದ ಊರಿಗೆ ಓದಲೆಂದೋ ದುಡಿಯಲೆಂದೋ ಹೋದ ಮಗನಿಗೆ ಹಣ ಕಳುಹಿಸುವಂತೆಯೇ ಆಗಾಗ್ಗೆ ಹೋಗಿ ನೋಡಿ ಬರುವುದೂ ಹಿರಿಯರ ಕರ್ತವ್ಯ. ಸಂಘದ ಹಬ್ಬ ಹುಣ್ಣಿಮೆಗಳಿಗೆ ಬಾರದೆ ಒಂಟಿಯಾಗಿ ಉಳಿದ ತರುಣನಿದ್ದರೆ ನಮ್ಮಲ್ಲಿ ಯಾರಾದರೊಬ್ಬರು ಅವನ ಕೋಣೆಗೆ ಹೋಗಿ ವಿಚಾರಿಸಬೇಕು.

ಮುಂದಿನ ಸಲ ರಾವಪುರದಲ್ಲಿ ಹಾದುಹೋಗುವಾಗ ಗೋಪುರದ ಗಡಿಯಾರದತ್ತ ಒಮ್ಮೆ ತಲೆಯೆತ್ತಿ ನೋಡಿರಿ. ಜೊತೆಯಲ್ಲಿ ಮಕ್ಕಳಿದ್ದರೆ ಅದನ್ನು ಯಾರ ನೆನಪಿಗೆ ಕಟ್ಟಿದರೆಂದು ಹೇಳಿರಿ. ಮನೆಯಲ್ಲಿ ಕೆಮ್ಮುವವರಿದ್ದರೆ ಮರುದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.