ದಾರ ಎಷ್ಟೇ ಎಳೆದರೂ ಕಣ್ಣು ನಗಬೇಕಲ್ಲ!

2016ರ ಅಕ್ಟೋಬರ್. ಪಿಯುಸಿ ಅರ್ಧಕ್ಕೇ ಬಿಟ್ಟು ಥಿಯೇಟರುಗಳ ಮುಂದೆ ನಾನು ಅಲೆಯುತ್ತಿದ್ದ ಕಾಲ. ಕೋಡಿ ರಾಮಕೃಷ್ಣ ನಿರ್ದೇಶನದ 'ನಾಗರಹಾವು' ತೆರೆಕಂಡಿತ್ತು. ಚಿತ್ರದ ಕೊನೆಯ ಭಾಗದಲ್ಲಿ ಸಾಹಸಸಿಂಹ ವಿಷ್ಣುವರ್ಧನ್ ಪ್ರತ್ಯಕ್ಷ! 2009ರ ಡಿಸೆಂಬರ್ 30ರಂದು ನಮ್ಮನ್ನಗಲಿದ ನಾಯಕನ ಮುಖವನ್ನು ಕಂಪ್ಯೂಟರಿನಲ್ಲಿ ಕಡೆದು, ಬೇರೊಬ್ಬರ ಶರೀರದ ಮೇಲೆ ಕೂರಿಸಿದ್ದರು. ಶಿಳ್ಳೆಯೋ ಶಿಳ್ಳೆ! ಕೈಗೆ ಕಡಗ ತೊಟ್ಟಿದ್ದ ಪಕ್ಕದ ಸೀಟಿನ ಅಣ್ಣ ಮಾತ್ರ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದ: "ಯಜಮಾನ್ರು ಬಂದ್ರು ಕಣೋ... ಆದ್ರೆ ನಮ್ಮನ್ನ ನೋಡ್ಲೇ ಇಲ್ಲ."

ಆ ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಮೂಗು, ಹುಬ್ಬು, ಗದ್ದ ಎಲ್ಲ ಇದ್ದೂ ನೋಟ ಯಾಕೆ ಸಿಗಲಿಲ್ಲ?

ಕಾಣದ ದಾರಗಳು

ಸೂತ್ರದ ಗೊಂಬೆ ನೋಡಿದ್ದೀರಲ್ಲ? ದಾರ ಎಳೆದರೆ ಕೈ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ಕಂಪ್ಯೂಟರಿನ ಮುಖಕ್ಕೂ ಹೀಗೆಯೇ ಕಾಣದ ದಾರ ಕಟ್ಟುತ್ತಾರೆ. ಅದರ ಹೆಸರು ರಿಗ್ಗಿಂಗ್. ಮೊದಲು ಸುಮ್ಮನಿರುವ ಒಂದು ಮುಖ ಕಡೆಯುತ್ತಾರೆ. ಆಮೇಲೆ ಅದೇ ಮುಖದ್ದು ಹುಬ್ಬೇರಿಸಿದ್ದು, ತುಟಿ ಕಚ್ಚಿದ್ದು, ಕೆನ್ನೆ ಉಬ್ಬಿಸಿದ್ದು... ಹೀಗೆ ಒಂದೊಂದೇ. ಒಂದರಿಂದ ಇನ್ನೊಂದಕ್ಕೆ ಎಷ್ಟು ಸರಿಯಬೇಕೆಂದು ಅನಿಮೇಟರ್ ಹೇಳುತ್ತಾನೆ. ನಡುವಿನ ದಾರಿಯನ್ನು ಕಂಪ್ಯೂಟರ್ ತುಂಬುತ್ತದೆ. 1995ರ 'ಟಾಯ್ ಸ್ಟೋರಿ'ಯ ವುಡಿ ಎಂಬ ಗೊಂಬೆಯ ಮುಖಕ್ಕೆ 212 ದಾರ! ಬಾಯಿಗೆ 58!

ತೊಂದರೆ ಬರುವುದು ಬೆರೆಸುವಾಗ. ನಗುವ ಬಾಯಿ ಚೆಂದ, ತೆರೆದ ಬಾಯಿಯೂ ಚೆಂದ. ಎರಡನ್ನೂ ಕೂಡಿಸಿ, ತುಟಿ ಸೊಟ್ಟಗಾಗುತ್ತದೆ! ಅದನ್ನು ತಿದ್ದಲು ಮತ್ತೊಂದು ಮುಖ ಕಡೆಯಬೇಕು. ದಾರಗಳು ಹೆಚ್ಚುವುದು ಹೀಗೆ.

ಕನ್ನಡಿ ಮುಂದೆ ನಿಲ್ಲಿ

ಓದುಗ ಮಿತ್ರರೇ, ಈಗಲೇ ಕನ್ನಡಿ ಮುಂದೆ ನಿಂತು ಬರೀ ತುಟಿಯಲ್ಲಿ ನಗಿ. ಬೇಡದ ನೆಂಟರಿಗೆ ತೋರಿಸುವ ನಗೆ, ಅಲ್ಲವೇ? ಇನ್ನು ಗೆಳೆಯನ ಜೋಕು ನೆನೆಸಿಕೊಂಡು ನಗಿ. ಕೆನ್ನೆ ಮೇಲೇರಿತು, ಕಣ್ಣಂಚಿನಲ್ಲಿ ಗೆರೆ ಮೂಡಿತು! ಈ ವ್ಯತ್ಯಾಸವನ್ನು ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿಟ್ಟ. 1978ರಲ್ಲಿ ಅಮೆರಿಕದ ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ ಮುಖದ ಒಂದೊಂದು ಚಲನೆಗೂ ನಂಬರು ಕೊಟ್ಟರು. ತುಟಿಯ ಮೂಲೆ ಏರಿದರೆ 12. ಕೆನ್ನೆ ಏರಿದರೆ 6. ಎರಡೂ ಕೂಡಿದರೆ ಮನಸಾರೆ ನಗು! ರಿಗ್ ಮಾಡುವವರಿಗೆ ಇಂದಿಗೂ ಇದೇ ಮಗ್ಗಿ ಪುಸ್ತಕ.

ಗೊಲ್ಲಮ್ ಹೇಗೆ ಗೆದ್ದ?

ಮಗ್ಗಿ ಗೊತ್ತಿದ್ದರೆ ಸಾಕೇ? ಸಾಲದು! 2002ರ 'ದಿ ಟೂ ಟವರ್ಸ್' ಚಿತ್ರದ ಗೊಲ್ಲಮ್‌ನನ್ನು ನೆನೆಸಿಕೊಳ್ಳಿ. ಒಂದೇ ಮುಖ, ಒಳಗೆ ಇಬ್ಬರು. ಒಬ್ಬ ಗದರಿಸುತ್ತಾನೆ, ಇನ್ನೊಬ್ಬ ಅಂಗಲಾಚುತ್ತಾನೆ. ಮೇಕಪ್ ಬದಲಾಗದೆ, ಬರೀ ಕಣ್ಣು-ಹುಬ್ಬಿನಲ್ಲಿ ಯಾರು ಯಾರೆಂದು ಪ್ರೇಕ್ಷಕನಿಗೆ ತಿಳಿಯುತ್ತದೆ. ನ್ಯೂಜಿಲೆಂಡಿನ ವೆಟಾ ಸಂಸ್ಥೆಯ ಕೈಚಳಕ ನಿಜ. ಆದರೆ ಅನಿಮೇಟರುಗಳ ಎದುರಿಗೆ ಜೀವಂತ ನಟ ಆಂಡಿ ಸರ್ಕಿಸ್ ಇದ್ದ! ಅವನು ಅಭಿನಯಿಸಿದ ದೃಶ್ಯಗಳನ್ನು ನೋಡಿ ನೋಡಿ ಮುಖದ ದಾರ ಎಳೆದರು. 2009ರ 'ಅವತಾರ್' ಹೊತ್ತಿಗೆ ನಟರ ತಲೆಗೇ ಪುಟ್ಟ ಕ್ಯಾಮೆರಾ ಕಟ್ಟಿ, ಮುಖದ ಒಂದೊಂದು ಮಿಡಿತವನ್ನೂ ಹಿಡಿದರು.

'ದಿ ಟೂ ಟವರ್ಸ್'ಗೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಸರ್ಕಿಸ್‌ಗೆ? ನಾಮನಿರ್ದೇಶನ ಕೂಡ ಇಲ್ಲ! ಮುಖ ಕಾಣದ ನಟನ ಪಾಡೇ ಅಷ್ಟು.

ಪಕ್ಕದ ಸೀಟಿನ ಅಣ್ಣನಿಗೆ

ಈಗ ಆ ಅಣ್ಣನ ಮಾತು ನನಗೆ ಅರ್ಥವಾಗುತ್ತದೆ. ಗೊಲ್ಲಮ್‌ಗೆ ನೋಟ ಕೊಡಲು ಒಬ್ಬ ಸರ್ಕಿಸ್ ಇದ್ದ. ನಮ್ಮ ವಿಷ್ಣು ಮುಖಕ್ಕೆ ನೋಟ ಕೊಡಬೇಕಾದವರು ವಿಷ್ಣು ಒಬ್ಬರೇ. ಅವರೇ ಇರಲಿಲ್ಲವಲ್ಲ! ದಾರ ಎಳೆದವರ ಶ್ರಮಕ್ಕೆ ನನ್ನದೊಂದು ಸಲಾಂ. ಆದರೆ ಅವರ ಕೈಗೆ ಸಿಕ್ಕಿದ್ದು ಮುಖ ಮಾತ್ರ, ಆ ಕ್ಷಣದ ಮನಸ್ಸಲ್ಲ.

ನಾಳೆ ತಂತ್ರ ಇನ್ನೂ ಬೆಳೆದೀತು. ನಮ್ಮ ಅಗಲಿದ ನಾಯಕರೆಲ್ಲ ಮತ್ತೆ ತೆರೆಗೆ ಬಂದಾರು. ಬರಲಿ, ಶಿಳ್ಳೆ ಹೊಡೆಯೋಣ! ಆದರೆ ಆಗಾಗ ಪುಟ್ಟಣ್ಣನವರ 1972ರ 'ನಾಗರಹಾವು' ಹಾಕಿಕೊಂಡು, ರಾಮಾಚಾರಿಯ ಆ ಉರಿಯುವ ಕಣ್ಣುಗಳನ್ನು ಒಮ್ಮೆ ನೋಡಿ.

ಅಲ್ಲಿ ಯಜಮಾನ್ರು ನಮ್ಮನ್ನೇ ನೋಡ್ತಿದಾರೆ ಕಣಣ್ಣ!