ತಿಮಿಂಗಿಲದ ಎಣ್ಣೆಯಿಂದ ಸೂರ್ಯನ ಬೆಳಕಿನವರೆಗೆ

ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕ್ಯಾತಗಾನಚೆರ್ಲು ಕಡಲಿನಿಂದ ಬಹು ದೂರದ ಊರು. ಮಳೆಯೇ ಅಪರೂಪವಾದ ಆ ಸೀಮೆಗೂ ತಿಮಿಂಗಿಲಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಅದು ದೀಪದ ಸಂಬಂಧ.

ಯೋನನನ್ನು ನುಂಗಿದ್ದು ತಿಮಿಂಗಿಲವೆಂದು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಬೈಬಲ್ ಹೇಳುವುದಾದರೋ ದೊಡ್ಡ ಮೀನು ಎಂದಷ್ಟೇ. ತಿಮಿಂಗಿಲ ಮೀನಲ್ಲ. ಅದು ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಉಸಿರಾಡಲು ಅದು ನೀರಿನ ಮೇಲಕ್ಕೆ ಬರಲೇಬೇಕು. ಬೇಟೆಗಾರನಿಗೆ ಅದು ಸಿಕ್ಕಿದ್ದು ಇದೇ ಕಾರಣದಿಂದ.

ದೀಪಕ್ಕಾಗಿ ಬೇಟೆ

18 ಮತ್ತು 19ನೇ ಶತಮಾನಗಳಲ್ಲಿ ಯೂರೋಪ್ ಮತ್ತು ಅಮೆರಿಕದ ಎಷ್ಟೋ ಮನೆಗಳಲ್ಲಿ, ಬೀದಿಗಳಲ್ಲಿ ಉರಿಯುತ್ತಿದ್ದುದು ತಿಮಿಂಗಿಲದ ಎಣ್ಣೆ. ಸ್ಪರ್ಮ್ ತಿಮಿಂಗಿಲದ ತಲೆಯೊಳಗಿನ ಮೇಣದಿಂದ ಉತ್ತಮ ಮೇಣದಬತ್ತಿಗಳೂ ತಯಾರಾಗುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಹೊಂಗೆ, ಹರಳು, ಹಿಪ್ಪೆ ಎಣ್ಣೆಗಳು ಈ ಕೆಲಸ ಮಾಡುತ್ತಿದ್ದವು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆಯ ಬಾವಿ ಕೊರೆದ ಬಳಿಕ ಸೀಮೆಎಣ್ಣೆ ಅಗ್ಗವಾಗಿ ಎಲ್ಲೆಡೆ ಹರಡಿತು.

ಸೀಮೆಎಣ್ಣೆ ಬಂದು ತಿಮಿಂಗಿಲ ಉಳಿಯಿತು ಎಂಬ ಮಾತು ಪ್ರಚಾರದಲ್ಲಿದೆ. ಇದು ಅರ್ಧಸತ್ಯ ಮಾತ್ರ. ಉಗಿಹಡಗು ಮತ್ತು ಸಿಡಿಯುವ ಈಟಿ ಬಂದ ಮೇಲೆ ಬೇಟೆ ಇನ್ನಷ್ಟು ಹೆಚ್ಚಿತು. ದೀಪಕ್ಕೆ ಬೇಡವಾದ ಎಣ್ಣೆ ಸಾಬೂನಿಗೂ ಮಾರ್ಗರೀನ್ ಎಂಬ ಕೃತಕ ಬೆಣ್ಣೆಗೂ ಬೇಕಾಯಿತು. 1930-31ರ ಒಂದೇ ಋತುವಿನಲ್ಲಿ ದಕ್ಷಿಣ ಧ್ರುವ ಸಾಗರದಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳನ್ನು ಕೊಲ್ಲಲಾಯಿತು. ಇಡೀ 20ನೇ ಶತಮಾನದ ಲೆಕ್ಕ ಸುಮಾರು 29 ಲಕ್ಷ.

ನಮ್ಮ ಅರಬ್ಬಿ ಸಮುದ್ರವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1966ರಲ್ಲಿ ಸೋವಿಯತ್ ಹಡಗುಗಳು ಇಲ್ಲಿ 200ಕ್ಕೂ ಹೆಚ್ಚು ಗೂನುಬೆನ್ನಿನ ತಿಮಿಂಗಿಲಗಳನ್ನು ಕಾನೂನುಬಾಹಿರವಾಗಿ ಕೊಂದವು. ಬೇರೆ ಕಡಲುಗಳಲ್ಲಿನ ಇವುಗಳ ಬಂಧುಗಳು ಋತುವಿಗೆ ತಕ್ಕಂತೆ ಧ್ರುವದತ್ತ ವಲಸೆ ಹೋಗುತ್ತವೆ. ನಮ್ಮ ಕಡಲಿನವು ವರ್ಷವಿಡೀ ಇಲ್ಲಿಯೇ ಇರುತ್ತವೆ. ಒಮಾನ್ ಕರಾವಳಿಯಲ್ಲಿ ಉಳಿದಿರುವವು 100ಕ್ಕಿಂತ ಕಡಿಮೆ ಎಂದು ಅಂದಾಜು. 2017ರಲ್ಲಿ ಅಲ್ಲಿ ಉಪಗ್ರಹ ಸಾಧನ ಅಳವಡಿಸಿದ್ದ ‘ಲುಬಾನ್’ ಎಂಬ ಹೆಣ್ಣು ತಿಮಿಂಗಿಲ ಕಡಲು ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದಿತ್ತು.

ಮನಸ್ಸು ಬದಲಾದದ್ದು

1970ರಲ್ಲಿ ವಿಜ್ಞಾನಿ ರೋಜರ್ ಪೇನ್ ತಿಮಿಂಗಿಲಗಳ ಹಾಡಿನ ಧ್ವನಿಮುದ್ರಿಕೆ ಹೊರತಂದರು. ಎಣ್ಣೆಯ ಪೀಪಾಯಿಯಂತೆ ಕಂಡ ಪ್ರಾಣಿ ಹಾಡುತ್ತದೆ ಎಂದು ಜನಸಾಮಾನ್ಯರಿಗೆ ತಿಳಿಯಿತು. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಸಾರಲಾಯಿತು. ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ನಿರ್ಧರಿಸಿತು. ಆದರೂ ಜಪಾನ್ 2019ರಲ್ಲಿ ಆಯೋಗದಿಂದ ಹೊರಬಂದು ಮತ್ತೆ ಬೇಟೆ ಆರಂಭಿಸಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಿಮಿಂಗಿಲಗಳಿಗೆ ರಕ್ಷಣೆ ನೀಡುತ್ತದೆ. ‘ತಿಮಿಂಗಿಲದ ವಾಂತಿ’ ಎಂದು ಕರೆಯುವ ಅಂಬರ್‌ಗ್ರೀಸ್‌ನ ಮಾರಾಟವೂ ಅಪರಾಧ. ಕಡಲತೀರದಲ್ಲಿ ಅಂತಹ ವಸ್ತು ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ.

ಇಂದು ಈಟಿಯ ಭಯ ಬಹುಮಟ್ಟಿಗೆ ಕಡಿಮೆಯಾಗಿದೆ. ಈಗಿನ ಅಪಾಯವೆಂದರೆ ಬಲೆ, ಹಡಗಿನ ಡಿಕ್ಕಿ ಮತ್ತು ಯಂತ್ರಗಳ ಸದ್ದು. ಬಲೆಯಲ್ಲಿ ಸಿಲುಕಿದ ತಿಮಿಂಗಿಲ ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತದೆ. ಅದನ್ನು ಬಿಡಿಸಲು ಬಲೆ ಕತ್ತರಿಸಿದರೆ ನಷ್ಟ ಬಡ ಮೀನುಗಾರನದು. ಸಂರಕ್ಷಿತ ಕಡಲಜೀವಿಗಳನ್ನು ಬಿಡಿಸಲು ಬಲೆ ಕತ್ತರಿಸುವವರಿಗೆ ಮಹಾರಾಷ್ಟ್ರದಲ್ಲಿ ಪರಿಹಾರ ನೀಡಲಾಗಿದೆ. ಇದು ಅನುಕರಣೀಯ ಕ್ರಮ.

ಮತ್ತೆ ಕ್ಯಾತಗಾನಚೆರ್ಲುವಿಗೆ

ಇಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಪಾವಗಡ ಸೌರ ಪಾರ್ಕ್ ಹರಡಿದೆ. 2018ರಲ್ಲಿ ಉದ್ಘಾಟನೆಗೊಂಡ ಇದರ ಸಾಮರ್ಥ್ಯ 2,050 ಮೆಗಾವ್ಯಾಟ್. ಪ್ರಾಣಿಯ ಕೊಬ್ಬಿಲ್ಲದೆ, ಕಲ್ಲೆಣ್ಣೆಯಿಲ್ಲದೆ ಬೆಳಕು ಬರುತ್ತಿದೆ. ಇದು ಸಂತೋಷದ ವಿಷಯ. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಬಾಡಿಗೆ ನಿಗದಿಯಾಯಿತು. ಆದರೆ ಜಮೀನಿಲ್ಲದ ಕೂಲಿಯವರಿಗೆ ಬಾಡಿಗೆಯಿಲ್ಲ. ಹೊಲದ ಕೆಲಸವೂ ಹೋಯಿತು. ಕುರಿ ಮೇಯಿಸುವವರಿಗೆ ಬಯಲು ಕಿರಿದಾಯಿತು.

ತಿಮಿಂಗಿಲದ ಕಥೆ ಕಲಿಸುವ ಪಾಠ ಇಷ್ಟೇ. ಹೊಸ ಎಣ್ಣೆ ಬಂದ ಮಾತ್ರಕ್ಕೆ ಜೀವ ಉಳಿಯಲಿಲ್ಲ. ಮನುಷ್ಯ ತನ್ನ ಕೈಯನ್ನು ತಾನೇ ತಡೆದಾಗ ಉಳಿಯಿತು. ಬೆಳಕು ಎಲ್ಲರಿಗೂ ಬೇಕು. ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಸ್ವಿಚ್ ಒತ್ತುವ ನಾವು ಒಮ್ಮೆಯಾದರೂ ಕೇಳಿಕೊಳ್ಳೋಣ.